ಸೋಮವಾರ ಬಟನ್ನಿಗೆ ರಜ

ನನಗಾಗ ಅರವತ್ತೆಂಟು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ನನ್ನ ಮೈದುನನಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಆಡಿಕೊಳ್ಳತೊಡಗಿದ್ದು ಆಗಲೇ. ನಾನು ಮಾತ್ರ ಒಪ್ಪಲಿಲ್ಲ. ಕೆಡಬೇಕಾದರೆ ಮೊದಲು ಒಂದು ದಿನವಾದರೂ ಸರಿ ಇರಬೇಕಲ್ಲ! ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವನು ಜಾರುವ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದ. ಅವತ್ತಿನಿಂದ ನೋಡುತ್ತಿದ್ದೇನೆ. ಸರಿ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಕೈ ತೋರಿಸಿದರೆ ಬಸ್ಸು ನಿಲ್ಲುವ, ತೋರಿಸದಿದ್ದರೆ ನಿಲ್ಲದ ಊರು ನಮ್ಮದು. ಊರಿಗೊಂದು ಹಾಲಿನ ಡೈರಿ. ಮೈದುನ ಅದರ ಕಾರ್ಯದರ್ಶಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡಿ. ಹೆಣ್ಣು ನೋಡಲು ಉಮ್ಮತ್ತೂರಿಗೆ ಕರೆದುಕೊಂಡು ಹೋದರೆ, ಹುಡುಗಿಯನ್ನು ಬಿಟ್ಟು ಅವರ ಮನೆಯ ಹೊಸ ಮಿಕ್ಸಿಯ ಬಟನ್ನುಗಳನ್ನು ನೋಡಿಕೊಂಡು ಎದ್ದು ಬಂದವನು! ನನ್ನ ಗಂಡ, ಅಂದರೆ ಅವನ ಅಣ್ಣ, ತೀರಿಕೊಂಡ ಮೇಲೂ ನನ್ನ ಮನೆಯಲ್ಲೇ ಅವನ ಊಟ, ಪಕ್ಕದ ಕೋಣೆಯಲ್ಲೇ ನಿದ್ದೆ.

ನನಗೊಂದು ಹಸು. ಸೀಮೆ ಹಸು, ಹೆಸರು ಗೌರಿ, ಗುಣ ಚಂಡಿ. ನನ್ನ ಕೈಗಲ್ಲದೆ ಇನ್ನೊಬ್ಬರ ಕೈಗೆ ಹಾಲು ಕೊಡುವುದಿಲ್ಲ. "ಈ ವಯಸ್ಸಲ್ಲಿ ಯಾಕವ್ವಾ ಹಸ? ಮಾರ್ಬುಡಿ" ಎನ್ನುವವರೇ ಎಲ್ಲ. ಮಾರಿ ಏನು ಮಾಡಲಿ? ಬೆಳಿಗ್ಗೆ ಎದ್ದು ಯಾರನ್ನು ಬೈಯಲಿ? ಗೌರಿ ಆಗ ಗಬ್ಬವಾಗಿತ್ತು, ದಿನ ತುಂಬುತ್ತಿತ್ತು. ಇಷ್ಟನ್ನು ನೆನಪಿಟ್ಟುಕೊಳ್ಳಿ. ಅದು ಉಳಿಯಿತೋ ಹೋಯಿತೋ ಎಂಬುದೇ ನಾನು ಹೇಳಹೊರಟ ಸಂಗತಿ. ನಡುವೆ ಬರುವುದೆಲ್ಲ ನನ್ನ ಮೈದುನನ ಹುಚ್ಚು.

ಆ ವರ್ಷ ಚಾಮರಾಜನಗರದಲ್ಲಿ ಏನೋ ತರಬೇತಿ ಎಂದು ಹೋದ. ಬಂದಾಗ ಅವನ ಮುಖ ನೋಡಬೇಕಿತ್ತು! ಬೆಟ್ಟದ ಮೇಲೆ ದೇವರೇ ಎದುರು ಬಂದು ಮಾತಾಡಿಸಿದ ಹಾಗಿತ್ತು. ಚೀಲ ಇಳಿಸುವ ಮೊದಲೇ ಶುರು.

"ಅತ್ಗೆ, ಇನ್ಮೇಲೆ ನಮ್ ಡೈರೀಲಿ ಎ.ಐ. ಕಣತ್ಗೆ!"

"ಅದೇನ್ ಹೊಸದ್ಲಾ? ಹಸೂಗೆ ಸೂಜಿ ಆಕ್ಸಾದು ಡೈರೀಲಿ ಯಾವಾಗಿಂದ್ಲೂ ಅದೆ."

ನನ್ನದೇನು ತಪ್ಪು? ಡೈರಿ ಇರುವ ಊರಲ್ಲಿ ಎ.ಐ. ಎಂದರೆ ಹೋರಿ ಇಲ್ಲದೆ ಹಸುವಿಗೆ ಗಬ್ಬ ಕಟ್ಟಿಸುವುದು ಎಂದೇ ಅರ್ಥ. ಅವನು ಹಣೆ ಹಣೆ ಚಚ್ಚಿಕೊಂಡು ಬಿಡಿಸಿ ಹೇಳಿದ. ಡೈರಿಯ ಕಂಪ್ಯೂಟರಿನಲ್ಲಿ ಒಂದು ಪುಟ ಇದೆ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು, ಯಾರ ಹಸು ಯಾವಾಗ ಕರು ಹಾಕುತ್ತದೆ, ಹಾಲಿನ ವ್ಯಾನು ಎಷ್ಟು ಹೊತ್ತಿಗೆ ಬಂತು, ಯಾವ ದನದ ಡಾಕ್ಟರು ಇವತ್ತು ಯಾವ ಊರಿನ ಕಡೆ ಹೋಗಿದ್ದಾರೆ, ಎಲ್ಲ ಅದರಲ್ಲೇ. ಇಷ್ಟು ದಿನ ಅವನು ಅದನ್ನೆಲ್ಲ ಹುಡುಕಿ, ಎರಡೇ ಬೆರಳಲ್ಲಿ ಕುಟ್ಟಿ, ಒಬ್ಬೊಬ್ಬರಿಗೂ ಕಳಿಸುತ್ತಿದ್ದ. ಇನ್ನು ಆ ಪುಟದ ಪಕ್ಕಕ್ಕೆ ತನಗೆ ಬೇಕಾದ ಬಟನ್ನನ್ನು ತಾನೇ ಅಂಟಿಸಬಹುದಂತೆ! ಆ ಬಟನ್ನು ಏನು ಮಾಡಬೇಕು ಎಂದು ಬರೆದಿಟ್ಟರೆ ಸಾಕಂತೆ.

"ಆಳಿಗೆ ಏಳ್ದಂಗೆ ಏಳಿದ್ರೆ ಆಯ್ತು ಅತ್ಗೆ. ಒತ್ತುತ್ಲೂವೆ ಪುಟಾನೆಲ್ಲ ಓದ್ಕತ್ತದೆ, ಅರ್ಥ ಮಾಡ್ಕತ್ತದೆ, ಕೆಲ್ಸ ಮಾಡ್ಬುಡ್ತದೆ."

"ಏಳಿದ್ ತಕ್ಷಣ ಮಾಡೋ ಆಳ್ನ ನಾನಂತೂ ಕಂಡಿಲ್ಲ. ಕಂಪ್ಯೂಟ್ರಾದ್ರೂ ಮಾಡ್ಲಿ ಬುಡು."

ಮೊದಲ ಬಟನ್ನು ಬೈಗುಳಕ್ಕೆ ಉತ್ತರ ಕೊಡುವುದು. ಫ್ಯಾಟ್ ಕಡಿಮೆ ಬಂತೆಂದರೆ ನಮ್ಮೂರಿನವರು ಹಸುವನ್ನು ಬೈಯುವುದಿಲ್ಲ, ಕಾರ್ಯದರ್ಶಿಯನ್ನು ಬೈಯುತ್ತಾರೆ. ಫೋನಿನಲ್ಲಿ ಬೆಳಗಾಗುವ ಮೊದಲೇ ಸಹಸ್ರನಾಮ. ಆ ದಿನ ಕೆಳಗಿನ ಬೀದಿಯವನೊಬ್ಬ ಹಾಗೆ ಬೈದದ್ದಕ್ಕೆ ಇವನು ಬಟನ್ ಒತ್ತಿದ. ಉತ್ತರ ಹೋಯಿತು: "ಮಾನ್ಯರೇ, ತಮ್ಮ ಹಸುವಿನ ಹಾಲಿನ ಜಿಡ್ಡಿನಂಶದ ಬಗ್ಗೆ ತಾವು ವ್ಯಕ್ತಪಡಿಸಿರುವ ಕಳವಳವನ್ನು ನಾವು ಗಂಭೀರವಾಗಿ ಪರಿಗಣಿಸಿದ್ದೇವೆ."

ಆ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು ಡೈರಿಗೆ ಓಡಿ ಬಂದ. "ತಪ್ಪಾಯ್ತು ಕಣಣ್ಣೋ! ಒಂದ್ ಮಾತ್ ಬೈದಿದ್ಕೆ ಕೋರ್ಟಿಗೆ ಆಕ್ಬುಡಾದಾ?"

ಅವತ್ತಿನಿಂದ ಮೈದುನನಿಗೆ ಒಂದೇ ಚಿಂತೆ. ಬಟನ್ನಿಗೆ ನಮ್ಮೂರಿನ ಮಾತು ಕಲಿಸಬೇಕು. ಎಲ್ಲಿಂದ ತರುವುದು? ನಾನು ಹಟ್ಟಿಯಲ್ಲಿ ಗೌರಿಯ ಜೊತೆ, ಬೀದಿಯ ಜೊತೆ, ಅವನ ಜೊತೆ ಆಡುವ ಮಾತನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡ. "ಬೈಗುಳ ತಗ್ದು ಮಿಕ್ಕಿದ್ದ ಕೊಟ್ಟಿವ್ನಿ ಅತ್ಗೆ" ಎಂದ. ತೆಗೆದ ಮೇಲೆ ಮಿಕ್ಕಿದ್ದು ಎಷ್ಟೋ ದೇವರಿಗೇ ಗೊತ್ತು! ಮುಂದಿನ ಉತ್ತರ ಹೀಗೆ ಹೋಯಿತು: "ಅಣ್ಣೋ, ಬಾಯ್ ಮಾಡ್ಬ್ಯಾಡ. ಬರೀ ಹಸಿ ಹುಲ್ಲೇ ಆಕ್ತಿದ್ರೆ ಫ್ಯಾಟ್ ಎಲ್ಲಿಂದ ಬಂದದು? ಒಣ ಹುಲ್ಲೂ ಆಕು, ಆಮೇಕೆ ನೋಡು." ಬೈದಿದ್ದವನು ಒಣ ಹುಲ್ಲು ಹಾಕಿದ. ಫ್ಯಾಟ್ ಬಂತು! "ಕಾರ್ಯದರ್ಶಿ ಮೆಸೇಜ್ ನೋಡಿದ್ರೆ ಅವ್ರತ್ಗೆ ಎದ್ರಿಗೆ ನಿಂತಂಗಾಯ್ತದೆ ಕಣ್ಲಾ, ಭಯಾನೇ ಆಯ್ತದೆ" ಎಂದು ಊರಲ್ಲಿ ಮಾತಾಯಿತು. ನನಗೆ ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಒಂದು ಬಟನ್ನು ಕೆಲಸ ಮಾಡಿತು ಅಂದರೆ ನನ್ನ ಮೈದುನ ಸುಮ್ಮನಿರುತ್ತಾನೆಯೇ? ಪುಟದ ಬಲಗಡೆ ಉದ್ದಕ್ಕೂ ಬೊಬ್ಬೆ ಎದ್ದ ಹಾಗೆ ಬಟನ್ನುಗಳು ಎದ್ದವು. ವ್ಯಾನು ತಡವಾದರೆ ಎಲ್ಲರಿಗೂ ಹೇಳುವುದೊಂದು. ಹಿಂಡಿ ಮುಗಿಯುವ ಮೊದಲೇ ತರಿಸುವುದೊಂದು. ದನದ ಡಾಕ್ಟರನ್ನು ಕರೆಯುವುದೊಂದು. ಡೈರಿಯ ಅಧ್ಯಕ್ಷನಿಗೆ ಭಾಷಣ ಬರೆದುಕೊಡುವುದು ಇನ್ನೊಂದು.

ಆ ಭಾಷಣದ ಕಥೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮ ಅಧ್ಯಕ್ಷ ದೊಡ್ಡ ಗಂಟಲಿನ ಮನುಷ್ಯ. ಕೈಗೆ ಏನು ಕೊಟ್ಟರೂ ಓದುತ್ತಾನೆ. ಓದಿದ್ದೇನು ಎಂದು ನೋಡುವ ಅಭ್ಯಾಸ ಮಾತ್ರ ಇಲ್ಲ. ವರ್ಷದ ಸಭೆಯಲ್ಲಿ ಬಟನ್ನು ಬರೆದ ಭಾಷಣವನ್ನು ಗಂಟಲು ಏರಿಸಿ, ಇಳಿಸಿ, ಬೆವರು ಒರೆಸಿಕೊಂಡು ಓದಿದ. ಜನ ಬಿಸಿಲಲ್ಲಿ ತೂಕಡಿಸುತ್ತಿದ್ದರು. ಕೊನೆಗೆ, ಬಟನ್ನು ಮೈದುನನಿಗೆಂದು ಬರೆದಿದ್ದ ಸಾಲನ್ನೂ ಅದೇ ದನಿಯಲ್ಲಿ ಗುಡುಗಿದ: "ಇದು ಉದ್ದವಾಯಿತು ಎನಿಸಿದರೆ ತಿಳಿಸಿ, ಇನ್ನೂ ಚಿಕ್ಕದು ಮಾಡಿಕೊಡುತ್ತೇನೆ!"

ಸಭೆಗೆ ಸಭೆಯೇ ಎಚ್ಚರಾಯಿತು. "ಮಾಡ್ಕೊಡಿ ಅಧ್ಯಕ್ಷ್ರೇ! ಮಾಡ್ಕೊಡಿ!" ಅಂಥ ಚಪ್ಪಾಳೆ ಆ ಮನುಷ್ಯನಿಗೆ ಹಿಂದೆಯೂ ಬಿದ್ದಿರಲಿಲ್ಲ, ಮುಂದೆಯೂ ಬೀಳುವುದಿಲ್ಲ.

ನಕ್ಕದ್ದು ನಕ್ಕೆ. ಆದರೆ ಒಂದು ಮಧ್ಯಾಹ್ನ ಮೈದುನನ ಹಿಂದೆ ನಿಂತು ನೋಡಿದೆ. ನನಗೆ ಅಕ್ಷರ ಬರುತ್ತದೆ, ಇಲ್ಲವೆನ್ನುವುದಿಲ್ಲ. ಬಸ್ಸಿನ ಬೋರ್ಡು ಓದುತ್ತೇನೆ. ಉದ್ದದ ಪದ ಬಂದರೆ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತೇನೆ. ಅವನು ಬಟನ್ ಒತ್ತಿದ. ಊರಿನ ಹಸುಗಳ ಇಡೀ ಪುಟವನ್ನು ಅದು ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಓದಿ ಮುಗಿಸಿ, ಯಾರ ಹಸು ಈ ತಿಂಗಳು ಕರು ಹಾಕುತ್ತದೆ ಎಂದು ಬರೆದುಬಿಟ್ಟಿತು! ನನ್ನ ಗೌರಿಯ ಹೆಸರೂ ಇತ್ತು.

"ಒಳ್ಗಡೆ ಯಾರ್ಲಾ ಅವ್ರೆ?"

"ಯಾರೂ ಇಲ್ಲ ಅತ್ಗೆ."

"ಯಾರೂ ಇಲ್ದೆ ಯಂಗ್ಲಾ ಓದ್ತು?"

ಅವನು ತಲೆ ಕೆರೆದುಕೊಂಡ. "ಪೂರ್ತಿ ನಂಗೂ ತಿಳೀದು. ಕಲ್ಸ್ದವ್ರ್ನ ಕೇಳ್ದೆ. ಅವ್ರಿಗೂ ಪೂರ್ತಿ ತಿಳೀದಂತೆ."

ಬಂಡೀಪುರದ ಆನೆ ನಮ್ಮ ಬಾಳೆಗೆ ನುಗ್ಗಿದಾಗ ಪೊರಕೆ ಹಿಡಿದು ಎದುರು ನಿಂತವಳು ನಾನು. ಗಂಡಸರು ಮಹಡಿ ಏರಿ ಕೂಗುತ್ತಿದ್ದರು. ಬೆರಗು ಗಿರಗು ನನ್ನ ಹತ್ತಿರ ಸುಳಿಯುವುದಿಲ್ಲ. ಆದರೆ ಅವತ್ತು ನನ್ನ ಎರಡೂ ಕೈ ತಾವಾಗಿ ಕೂಡಿಕೊಂಡವು. ಅವನು ತಿರುಗಿ ನೋಡಲಿಲ್ಲ, ಪುಣ್ಯ!

ಇಷ್ಟಕ್ಕೇ ನಿಂತಿದ್ದರೆ ಅವನನ್ನು ಯಾರೂ ಹುಚ್ಚ ಎನ್ನುತ್ತಿರಲಿಲ್ಲ. ಹುಚ್ಚು ಹೊರಬಿದ್ದದ್ದು ಒಂದು ಸೋಮವಾರ. ಡೈರಿಗೆ ಹೋದವರು ನೋಡುತ್ತಾರೆ, ಪರದೆಯ ಬಲಗಡೆ, ಬಟನ್ನುಗಳ ಮೇಲೆ ಸರಿಯಾಗಿ, ಬಿಳಿ ಟವೆಲ್ಲು ಇಳಿಬಿದ್ದಿದೆ! ಟವೆಲ್ಲಿಗೆ ಮೂರು ಬೆರಳು ವಿಭೂತಿ! ಇವನು ಹಿಂದಿನ ಹಾಗೆ ಎರಡು ಬೆರಳಲ್ಲಿ ಕುಟ್ಟುತ್ತಾ ಕುಳಿತಿದ್ದಾನೆ.

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಕಟ್ಟುವುದಿಲ್ಲ. ಅದು ಬಸವಣ್ಣನ ದಿನ. ಈಗ ಎತ್ತೇ ಇಲ್ಲ, ಎಲ್ಲ ಟ್ರಾಕ್ಟರು. ಟ್ರಾಕ್ಟರಿಗೆ ಯಾರೂ ರಜ ಕೊಟ್ಟಿಲ್ಲ. ಅಧ್ಯಕ್ಷ ಕೆರಳಿದ.

"ಏನ್ಲಾ ಇದು? ಎತ್ಗೂ ಬಟನ್ಗೂ ಏನ್ಲಾ ಸಂಬಂಧ?"

"ಗೇಯ್ಮೆ ಕಣಣ್ಣ, ದುಡಿಮೆ. ಟ್ರಾಕ್ಟ್ರು ಏಳಿದ್ದ ತಿಳ್ಕಳಲ್ಲ, ಸುಮ್ನೆ ಉರುಳ್ತದೆ. ಇದು ಎತ್ನಂಗೆ ಏಳಿದ್ದ ತಿಳ್ಕಂಡು ಗೇಯ್ತದೆ. ತಿಳ್ಕಂಡು ಗೇಯೋದೆಲ್ಲ ಬಸವಣ್ಣನೇ."

"ಅಂಗಾರೆ ಕಂಪ್ಯೂಟ್ರ್ ಯಾಕ್ಲಾ ಆನ್ ಮಾಡಿದ್ದೀಯ?"

"ಕಂಪ್ಯೂಟ್ರು ಗಾಡಿ. ಬಟನ್ನು ಎತ್ತು. ಸೋಮ್ವಾರ ಗಾಡಿ ನಾನೇ ತಳ್ಕಂಡು ಓಯ್ತೀನಿ, ಎತ್ಗೆ ಮಾತ್ರ ನೊಗ ಕಟ್ಟಲ್ಲ."

ಇದಕ್ಕೆ ಎದುರು ಮಾತು ನೀವು ಹುಡುಕಿ ನೋಡಿ! ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಊರಿಗೆಲ್ಲ ಕರೆ ಕಳಿಸಬೇಕೆಂದು ಅಧ್ಯಕ್ಷನೇ ಒಂದು ಸೋಮವಾರ ಬಂದು ಗೋಗರೆದ. ಟವೆಲ್ಲು ಅಲುಗಲಿಲ್ಲ. ಮೈದುನನಿಗೇ ಹಲ್ಲುನೋವು ಬಂದು ದವಡೆ ಊದಿಕೊಂಡು, ಸಂತೆಮರಹಳ್ಳಿಯ ಹಲ್ಲಿನ ಡಾಕ್ಟರು ಯಾವಾಗ ಸಿಗುತ್ತಾರೆ ಎಂದು ಕೇಳಬೇಕಿತ್ತು. ಸೋಮವಾರವೆಲ್ಲ ದವಡೆ ಹಿಡಿದುಕೊಂಡು ಕುಳಿತ, ಮಂಗಳವಾರ ಒತ್ತಿದ!

ಇಂಥವನ ಕೀರ್ತಿ ಚಾಮರಾಜನಗರದವರೆಗೂ ಹೋಯಿತು. ಹಳ್ಳಿ ಡೈರಿಯಲ್ಲಿ ಯಾರೋ ಬಟನ್ನು ಅಂಟಿಸಿದ್ದಾರಂತೆ, ನೋಡಲು ಅಧಿಕಾರಿಗಳು ಬರುತ್ತಾರಂತೆ, ಬರುವ ಮಂಗಳವಾರವಂತೆ. ಮೈದುನ ಒಂದೇ ಅಂಗಿಯನ್ನು ಮತ್ತೆ ಮತ್ತೆ ಇಸ್ತ್ರಿ ಮಾಡಿದ. ಹುಟ್ಟಿದಾಗಿನಿಂದ ಅವನನ್ನು ನೋಡಲು ಯಾರೂ ಬಂದಿರಲಿಲ್ಲ. ಬಂದವರೆಲ್ಲ ನಗಲು ಬಂದವರು.

ಆ ಮಂಗಳವಾರದ ಹಿಂದಿನ ದಿನವೇ ಗೌರಿಗೆ ನೋವು ಬಂತು. ಹಿಂದಿನ ದಿನ ಎಂದರೆ ಯಾವ ವಾರ, ಲೆಕ್ಕ ಹಾಕಿಕೊಳ್ಳಿ!

ಬೆಳಗಿನ ಹಾಲಿನ ವ್ಯಾನು ಹೋದ ಮೇಲೆ ನೀರು ಒಡೆಯಿತು. ಹಸು ಮಲಗಿತು, ಎದ್ದಿತು, ಮತ್ತೆ ಮಲಗಿತು. ಕರುವಿನ ಒಂದು ಕಾಲಿನ ತುದಿ ಕಂಡಿತು. ಒಂದೇ. ಕಾದೆ. ಇನ್ನೊಂದು ಬರಲಿಲ್ಲ. ಎಷ್ಟೋ ಹಸುಗಳ ಹೆರಿಗೆ ನೋಡಿದವಳು ನಾನು. ಗೌರಿಯ ಕಣ್ಣು ನೋಡಿದ ತಕ್ಷಣ ಇದು ನನ್ನ ಕೈಮೀರಿದ್ದು ಎಂದು ತಿಳಿಯಿತು. ಎದುರು ಸಾಲಿನಲ್ಲೇ ಡೈರಿ. ಹೋಗಿ ಬಾಗಿಲಲ್ಲಿ ನಿಂತೆ.

"ಗೌರಿ ಕರ ಆಕ್ತಾ ಇಲ್ಲ. ಡಾಕ್ಟ್ರಿಗೆ ಫೋನ್ ಮಾಡು."

ಮಾಡಿದ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರದು ಸಿಗಲಿಲ್ಲ. ಅವನ ಕೈ ಟವೆಲ್ಲಿನ ಕಡೆ ಹೋಗಿ ಗಾಳಿಯಲ್ಲಿ ನಿಂತಿತು. ವಿಭೂತಿ ನೋಡಿದ, ನನ್ನನ್ನು ನೋಡಿದ. ಅವನ ಅಣ್ಣ ಹೊಲ ಹದ ತಪ್ಪಿ ಹೋಗುತ್ತಿದ್ದರೂ ಸೋಮವಾರ ನೊಗ ಮುಟ್ಟಿದವನಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

"ಬ್ಯಾಡ ಕಣ್ಲಾ, ಸೋಮ್ವಾರ. ನಾನ್ ನೋಡ್ಕತ್ತೀನಿ" ಎಂದು ತಿರುಗಿದೆ.

ಮೆಟ್ಟಿಲು ಇಳಿದಿರಲಿಲ್ಲ. ಹಿಂದೆ ಟವೆಲ್ಲು ಬಿದ್ದ ಸದ್ದಾಯಿತು. ಟವೆಲ್ಲು ಬಿದ್ದರೆ ಸದ್ದಾಗುತ್ತದೆಯೇ ಎನ್ನಬೇಡಿ. ನನಗೆ ಕೇಳಿಸಿತು.

ನಾನು ಹಟ್ಟಿಗೆ ಬರುವಷ್ಟರಲ್ಲಿ ಅವನೂ ಫೋನು ಹಿಡಿದು ಓಡಿ ಬಂದ. ಡಾಕ್ಟರನ್ನು ಕರೆಯುವ ಬಟನ್ನು ಒತ್ತಿದ್ದ, ಈಗ ಅದೇ ಫೋನಿನಲ್ಲಿ ಮಾತಾಡುತ್ತಿತ್ತು!

"ಅವ್ವಾ, ನೀರೊಡ್ದು ಎಷ್ಟೊತ್ತಾಯ್ತು?"

ನನ್ನದೇ ರಾಗ, ನನ್ನದೇ ಮಾತು, ದನಿ ಮಾತ್ರ ಬೇರೆಯವರದು. ನಿಮ್ಮ ಎದೆ ಹೇಗಿರುತ್ತಿತ್ತು ಹೇಳಿ?

"ನಂಗೇನ್ ಗೊತ್ತು ಗಂಟೆ? ಹಾಲಿನ್ ವ್ಯಾನ್ ಓದ್ಮೇಲೆ."

"ಇವತ್ತು ವ್ಯಾನು ತಡವಾಗಿ ಬಂದಿತ್ತು. ಅಂಗಾರೆ ಒಂದು ಗಂಟೆ ಮೇಲಾಗ್ಯದೆ. ಎಷ್ಟು ಕಾಲು ಕಾಣ್ತದೆ ಅವ್ವಾ?"

ವ್ಯಾನು ತಡವಾಗಿದ್ದು ಅದಕ್ಕೆ ಗೊತ್ತು! ಗೌರಿಗೆ ಇದು ಎಷ್ಟನೆಯ ಕರು ಎಂಬುದೂ ಗೊತ್ತಂತೆ! ಪುಟದಲ್ಲಿ ಇದ್ದದ್ದನ್ನೆಲ್ಲ ಓದಿಕೊಂಡೇ ಬಂದಿತ್ತು. ಅಂಥ ಹೊತ್ತಿನಲ್ಲೂ ಯಾರಾದರೂ ಇದ್ದಾರೆಯೇ ಎಂದು ಫೋನಿನ ಹಿಂದೆ ಬಗ್ಗಿ ನೋಡಿದೆ.

"ಒಂದೇ ಕಾಲು" ಎಂದೆ.

"ಅಗ್ಗ ಕಟ್ಟಿ ಎಳೀಬ್ಯಾಡಿ. ಇನ್ನೊಂದು ಕಾಲು ಒಳಗೆ ಮಡ್ಚ್ಕಂಡಿರಬೋದು. ಡಾಕ್ಟ್ರೇ ಕೈ ಆಕಿ ನೋಡ್ಬೇಕು. ಡಾಕ್ಟ್ರಮ್ಮ ತೆರಕಣಾಂಬಿ ದಾರೀಲವ್ರೆ, ನೀವು ಏಳಿದ್ದೆಲ್ಲ ಅವ್ರಿಗೆ ಬರ್ದು ಕಳ್ಸಿವ್ನಿ."

ಅಷ್ಟರಲ್ಲಿ ಅಧ್ಯಕ್ಷ ನಾಲ್ಕು ಜನ ಗಂಡಸರನ್ನು ಕಟ್ಟಿಕೊಂಡು ಹಗ್ಗ ಹಿಡಿದು ನಿಂತಿದ್ದ. "ಫೋನ್ ಮಾತ್ ಕೇಳ್ಕಂಡ್ ಕೂತ್ರೆ ಹಸ ಓಯ್ತದೆ ಕಣಕ್ಕ! ಸರ್ಕಳಿ, ಎಳ್ದಾಕ್ಬುಡ್ತೀವಿ."

ಹಸು ನನ್ನದು. ಹೇಳಬೇಕಾದವಳು ನಾನು. ಆ ಕಡೆ ಹಗ್ಗ, ಈ ಕಡೆ ಫೋನು. ಸಿಟ್ಟು ಬಂತು. ಫೋನಿನ ಮೇಲೇ ಕೂಗಿದೆ: "ನೀನು ಹುಟ್ಟಿದ್ಮೇಕೆ ಒಂದಾದ್ರೂ ಹಸ ಕಂಡಿದ್ದೀಯಾ?"

"ಇಲ್ಲ ಅವ್ವಾ, ನಾನು ಕಂಡಿಲ್ಲ. ನೀವು ಕಂಡಿದ್ದೀರ. ಅದ್ಕೇ ನಿಮ್ಮನ್ನೇ ಕೇಳ್ತಾ ಇವ್ನಿ. ಡಾಕ್ಟ್ರಮ್ಮ ಇತ್ಲಾಗೆ ಗಾಡಿ ತಿರುಗ್ಸವ್ರೆ. ಹಸ ಎದ್ದು ನಿಂತ್ಕತ್ತದಾ ನೋಡಿ."

ಇಷ್ಟು ವರ್ಷ ಬದುಕಿದ್ದೇನೆ. ನನಗೆ ಗೊತ್ತಿಲ್ಲ, ನಿಮಗೆ ಗೊತ್ತು ಎಂದು ಒಬ್ಬ ಗಂಡಸೂ ನನ್ನ ಮುಂದೆ ಒಪ್ಪಿಕೊಂಡದ್ದಿಲ್ಲ! ಅಧ್ಯಕ್ಷನ ಕೈಯಿಂದ ಹಗ್ಗ ಕಿತ್ತುಕೊಂಡು ಹುಲ್ಲಿನ ಮೆದೆಯ ಮೇಲೆ ಎಸೆದೆ. ಗೌರಿಯ ಕೊಂಬು ಹಿಡಿದು, ನನಗೆ ಬರುವ ಮಾತೆಲ್ಲ ಆಡಿ, ಎಬ್ಬಿಸಿ ನಿಲ್ಲಿಸಿದೆ. ಫೋನಿನ ಮಾತಿಗೆ ಎದ್ದಳೋ ನನ್ನ ಬೈಗುಳಕ್ಕೆ ಎದ್ದಳೋ, ಎದ್ದು ನಿಂತಳು.

ಡಾಕ್ಟರಮ್ಮನ ಸ್ಕೂಟರು ಬಂತು. ಕೈಗೆ ಉದ್ದನೆಯ ಗವಸು ಹಾಕಿಕೊಂಡು, ಕರುವನ್ನು ಒಳಕ್ಕೆ ತಳ್ಳಿ, ಮಡಚಿದ್ದ ಕಾಲನ್ನು ಹುಷಾರಾಗಿ ನೇರ ಮಾಡಿ ತಂದರು. ಆಮೇಲೆ ಹೆಚ್ಚು ಹೊತ್ತಾಗಲಿಲ್ಲ. ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಹೆಣ್ಣು ಕರು. ಮೂಗು ಒರೆಸಿದೆ. ಸೀನಿತು. ಗೌರಿ ತಿರುಗಿ ಮೊದಲು ನನ್ನನ್ನು ಹಾಯಲು ಬಂದಳು, ಆಮೇಲೆ ಕರುವನ್ನು ನೆಕ್ಕಿದಳು. ಬದುಕಿತು ಬಿಡಿ, ಗುಣ ಹಾಗೇ ಇದೆ ಎಂದುಕೊಂಡೆ.

"ಎಳೆದಿದ್ರೆ ಎರಡೂ ಉಳೀತಿರಲಿಲ್ಲ ಅಜ್ಜಿ" ಎಂದರು ಡಾಕ್ಟರಮ್ಮ. "ನಾನು ಬೇರೆ ಊರಿಗೆ ಹೊರಟಿದ್ದೆ. ಎಷ್ಟನೇ ಕರು, ಯಾವಾಗ ನೀರು ಒಡೀತು, ಏನು ಕಾಣ್ತಾ ಇದೆ, ಎಲ್ಲ ಬರೆದು ಬಂತಲ್ಲ, ಓದಿದ ತಕ್ಷಣ ಗಾಡಿ ತಿರುಗಿಸಿದೆ. ಯಾರು ಕಳಿಸಿದ್ದು?"

ಕಳಿಸಿದವನು ಎಲ್ಲಿ? ಮೆದೆಯ ಹಿಂದೆ, ಹೆರಿಗೆ ನೋಡಲು ಧೈರ್ಯವಿಲ್ಲದೆ ಗೋಡೆಯ ಕಡೆ ಮುಖ ಮಾಡಿ, ಫೋನು ಹಿಡಿದ ಕೈಯೊಂದನ್ನು ಮಾತ್ರ ನಮ್ಮ ಕಡೆ ಚಾಚಿಕೊಂಡು ನಿಂತಿದ್ದ. ಫೋನು ಸುಮ್ಮನಾಗಿ ಎಷ್ಟು ಹೊತ್ತಾಗಿತ್ತೋ. ಕೈ ಇನ್ನೂ ಇಳಿಸಿರಲಿಲ್ಲ.

"ಇಳ್ಸ್ಲಾ, ಆಯ್ತು. ಹೆಣ್ಗರ."

ಇಳಿಸಿದ. ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ ಎಂದುಕೊಂಡೆ. ಫೋನು ಒರೆಸಿದ.

"ಸೋಮ್ವಾರ ಕಣ್ಲಾ. ನಾನೇ ಬ್ಯಾಡ ಅಂದ್ನಲ್ಲ, ಯಾಕ್ ಒತ್ದೆ?"

"ನೀನು ಈ ಮನೇಗ್ ಬಂದಾಗ್ಲಿಂದ ಯಾರ್ನೂ ಏನೂ ಕೇಳ್ದವಳಲ್ಲ ಅತ್ಗೆ" ಎಂದ. "ಬಾಗ್ಲಿಗೆ ಬಂದ್ ನಿಂತ್ಕಂಡಲ್ಲ, ನಂಗೆ ಅಷ್ಟೇ ಸಾಕಾಯ್ತು."

ನಾನು ಗಂಗಾಳ ತೊಳೆಯಲು ಹೋದೆ. ಗಂಗಾಳ ತೊಳೆದೇ ಇತ್ತು.

ಸಂಜೆ ಅವನು ಊಟಕ್ಕೆ ಬಂದರೂ ಮುದ್ದೆ ಮುರಿಯಲಿಲ್ಲ. ಏನೆಂದು ಗದರಿದ ಮೇಲೆ ಬಾಯಿಬಿಟ್ಟ. "ಗೇಯ್ಬಾರದ್ ದಿನ ಗೇಯ್ಸ್ಬುಟ್ಟೆ ಅತ್ಗೆ. ನಾಳೀಕಾದ್ರೂ ರಜ ಕೊಡ್ಬೇಕು. ನಾಳೀಕೆ ನೋಡಿದ್ರೆ ಆಪೀಸ್ರು ಬತ್ತಾವ್ರೆ. ಒತ್ತಲ್ಲ ಅಂದ್ರೆ ಅಧ್ಯಕ್ಷ್ರು ನನ್ನ ಡೈರಿಯಿಂದ್ಲೇ ಕಳಿಸ್ತಾರೆ." ಗೂಟಕ್ಕೆ ತೂಗುಹಾಕಿದ್ದ ಇಸ್ತ್ರಿ ಅಂಗಿಯನ್ನು ಒಂದು ಸಲ ನೋಡಿ, ಎದ್ದು ಹೋದ.

ಹುಚ್ಚ. ನೂರಕ್ಕೆ ನೂರು ಹುಚ್ಚ. ಅವನು ಹೇಳಿದರೆ ಅಧ್ಯಕ್ಷ ಬೈಯುತ್ತಾನೆ, ನಿಜ. ಆದರೆ ನನ್ನನ್ನು ಬೈಯುವ ಗಂಡಸು ಊರಲ್ಲಿ ಇನ್ನೂ ಹುಟ್ಟಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಗೌರಿಯ ಗಿಣ್ಣು ಹಾಲು ಕರೆದೆ. ಕರುವಿನ ಪಾಲು ಕರುವಿಗೆ ಬಿಟ್ಟು, ಮಿಕ್ಕಿದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಡೈರಿಗೆ ಹೋದೆ. ಮೈದುನ ಹಾಲು ಅಳೆದು ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದ. ಅವನ ಹೆಗಲ ಟವೆಲ್ಲು ಎಳೆದುಕೊಂಡು ಪರದೆಯ ಪೂರ್ತಿ ಹೊದಿಸಿದೆ. ನನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ತಾಗಿಸಿಕೊಂಡು ಟವೆಲ್ಲಿಗೆ ಹಚ್ಚಿದೆ. ಆಮೇಲೆ ಖಾಲಿ ಹಾಲಿನ ಕ್ಯಾನೊಂದನ್ನು ಬಾಗಿಲಿಗೆ ಅಡ್ಡ ಬೋರಲು ಹಾಕಿ, ಅದರ ಮೇಲೆ ಕುಳಿತೆ. ಜೀಪು ಬಂದು ನಿಂತಿತು. ಮುಂದೆ ಅಧ್ಯಕ್ಷ, ಹಿಂದೆ ಅಧಿಕಾರಿಗಳು.

"ಇವತ್ತು ಅದ್ಕೆ ರಜ ಸ್ವಾಮಿ. ನೆನ್ನೆ ನಂಗೋಸ್ಕರ ಗೇಯ್ದದೆ. ನಾಳೆ ಬನ್ನಿ, ನನ್ ಮೈದ್ನ ತೋರಿಸ್ತಾನೆ" ಎಂದು ಹೇಳಿ, ಒಬ್ಬೊಬ್ಬರ ಕೈಗೂ ಬಾಳೆ ಎಲೆಯ ಚೂರಿನಲ್ಲಿ ಗಿಣ್ಣು ಇಟ್ಟೆ. ಮೊದಲ ಎಲೆಯನ್ನು ಅಷ್ಟರಲ್ಲಾಗಲೇ ಒಳಗೆ, ಟವೆಲ್ಲಿನ ಮುಂದೆ ಇಟ್ಟು ಬಂದಿದ್ದೆ.